ಬಟ್ಟಿ ಜಾರಿದ ವರ್ಷ

ಪಿಯುಸಿ ಎರಡನೇ ವರ್ಷದ ನವೆಂಬರಿನಲ್ಲಿ
ಬೆಳಗಿನ ಆರೂಕಾಲಕ್ಕೆ ಸರಿಯಾಗಿ,
ಕೋಡಿಬಾಗದ ಮೊದಲ ಬಸ್ಸಿನ ಹಾರ್ನಿಗೂ ಮುಂಚೆ,
ನನ್ನ ಹೊಟ್ಟೆ ನೋಯತೊಡಗಿತು.

ಬಟ್ಟಿ ಜಾರಿದೆ, ಎಂದಳು ಆಜಿ.
ಹೊಕ್ಕುಳ ಮೇಲೆ ಹಣತೆ ಹಚ್ಚಿಟ್ಟು ಚೊಂಬು ಬೋರಲು ಹಾಕಿದಳು.
ಚೊಂಬು ಹೊಟ್ಟೆಯನ್ನು ಕಚ್ಚಿ ಹಿಡಿಯಿತು,
ನಾನು ಕಿರುಚಿದೆ, ಬೆಕ್ಕು ಓಡಿತು,
ಬಟ್ಟಿ ಮಾತ್ರ ಮನೆಗೆ ಮರಳಲಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನು ನೋಡಿ ಏನೂ ಇಲ್ಲ ಎಂದರು.
ಏನೂ ಇಲ್ಲದ್ದಕ್ಕೆ ಎರಡು ಬಣ್ಣದ ಮಾತ್ರೆ.
ಆ ಏನೂ ಇಲ್ಲದ್ದನ್ನು ಹೊತ್ತುಕೊಂಡೇ
ಟ್ಯೂಷನ್ನಿಗೆ ಹೋದೆ, ಬಂದೆ.

ಆಮೇಲೆ ಅಮ್ಮನಿಗೆ ಯಾರೋ ಹೇಳಿದರು:
ಕಾಜುಬಾಗದಲ್ಲಿ ಟೇಲರ್ ಅಂಗಡಿಯ ಮಾಳಿಗೆ,
ಶಾಲಿನಿ ತಳೇಕರ, ಮಡಗಾಂವದಲ್ಲಿ ಕಲಿತು ಬಂದವಳು,
ಮುಟ್ಟದೆಯೇ ಗುಣ ಮಾಡುತ್ತಾಳಂತೆ.

ಗೋಡೆಯ ಮೇಲೊಬ್ಬ ಕಾಲು ಮಡಚಿ ಕೂತವ,
ಮುಖವಿಲ್ಲ, ಮೈಯುದ್ದಕ್ಕೂ ಏಳು ಬಣ್ಣದ ದೀಪ,
ಮದುವೆ ಮನೆಯ ಹಾಗೆ.
ಹೊಟ್ಟೆಯಿಂದ ಗೇಣು ಎತ್ತರದಲ್ಲಿ ಅಂಗೈ ತೇಲಿಸಿ
ಮಣಿಪೂರ ಕಟ್ಟಿದೆ, ಎಂದಳು ಶಾಲಿನಿ,
ಗಟಾರ ಕಟ್ಟಿದೆ ಎನ್ನುವಷ್ಟೇ ಸಲೀಸಾಗಿ.

ಅಪ್ಪ ನಕ್ಕ.
ಕೈಗಾದ ಕಂಟ್ರೋಲ್ ರೂಮಿನಲ್ಲಿ ಹದಿನೆಂಟು ವರ್ಷ
ಮುಳ್ಳು ನಡುಗುವುದನ್ನೇ ಕಾದು ಕೂತವನು.
"ಅಳೆಯಲಿಕ್ಕೆ ಬಾರದ್ದು ಶಕ್ತಿ ಹೆಂಗಾಗ್ತದೆ?"

ಅಲ್ಲಿ ಅವನ ಎದೆಗೊಂದು ಬ್ಯಾಡ್ಜು.
ಮೈ ಎಷ್ಟು ಕುಡಿಯಿತೆಂದು ಅದು ಸುಮ್ಮನೆ ಬರೆದುಕೊಳ್ಳುತ್ತದೆ,
ಲೆಕ್ಕ ಮೀರಿದರೆ ಬೇರೆ ಕೆಲಸಕ್ಕೆ ಕಳಿಸುತ್ತಾರೆ.
ಬ್ಯಾಡ್ಜು ಮನೆಗೆ ಬರುವುದಿಲ್ಲ, ಗೇಟಿನ ಗೂಡಿನಲ್ಲೇ ಅದರ ವಾಸ.
ನಾನು ಕಂಡದ್ದು ಒಂದು ಫೋಟೊದಲ್ಲಿ.

ನನಗೂ ಒಂದು ಬೇಕಿತ್ತು.
ಮಾದರಿ ಪರೀಕ್ಷೆಯ ಅಂಕ ಗ್ರೂಪಿನಲ್ಲಿ ಬಿದ್ದ ರಾತ್ರಿ,
ಮದುವೆಯೂಟದ ಪಂಕ್ತಿಯಲ್ಲಿ ಚಿಕ್ಕಮ್ಮ
"ನಮ್ಮ ಡಾಕ್ಟರಮ್ಮನಿಗೆ ಇನ್ನೊಂದು ಹೋಳಿಗೆ" ಎಂದದ್ದು,
ಕೆಮಿಸ್ಟ್ರಿ ಸರ್ ಬೈಯದೆ
ಪೇಪರು ಬೋರಲಾಗಿ ಕೊಟ್ಟದ್ದು.
ಎಷ್ಟೆಷ್ಟು ಒಳಗಿಳಿಯಿತು,
ಯಾವ ಗೇಟಿನಲ್ಲಿ ಯಾರು ಓದಿ ಹೇಳುತ್ತಾರೆ?

ಐದನೇ ಸಲ, ನೈಟ್ ಶಿಫ್ಟ್ ಮುಗಿಸಿ
ಅಪ್ಪನೇ ಕರೆದೊಯ್ಯಲು ಬಂದ.
ಕಣ್ಣು ಕೆಂಪಗಿತ್ತು. "ಸ್ವಲ್ಪ ಅಡ್ಡಾಗಿ," ಎಂದಳು ಶಾಲಿನಿ.
"ಅಡ್ಡಿಲ್ಲ, ಐದೇ ನಿಮಿಷ,"
ಎನ್ನುತ್ತ ಚಾಪೆಗೆ ಒರಗಿದವನ
ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು.

ಮೂರನೇ ನಿಮಿಷಕ್ಕೆ ಗೊರಕೆ.
ಶಾಲಿನಿ ಕೈ ಇಳಿಸಿದಳು, ಅವಳೂ ದಣಿದಿದ್ದಳು.
ಥರ್ಮಾಸಿನ ಮುಚ್ಚಳಕ್ಕೆ ಚಹಾ ಹೊಯ್ದು ನನ್ನತ್ತ ಸರಿಸಿ
"ಈ ದೀಪ ಒಳಗೆ ಇದಾವೋ ಇಲ್ಲವೋ
ನಂಗೂ ಪೂರಾ ಗೊತ್ತಿಲ್ಲ ತಂಗಿ.
ಇಲ್ಲಿ ಮಲಗಿದವರು ಮಾತಾಡ್ತಾರೆ, ಅಷ್ಟು ಗೊತ್ತು.
ನೀ ಐದು ಸಲ ಬಂದೆ. ಮಾತಾಡಲಿಲ್ಲ."

ಕೆಳಗೆ ಹೊಲಿಗೆ ಯಂತ್ರ ನಿಂತಿತ್ತು.
ನಾನು ಅವಳಿಗಲ್ಲ, ಚಹಾಕ್ಕೆ ಹೇಳಿದೆ:
ನನಗೆ ಡಾಕ್ಟರಾಗಲು ಮನಸ್ಸಿಲ್ಲ.
ರಕ್ತ ಕಂಡರೆ ಕಿವಿಯಲ್ಲಿ ಗಾಳಿ ಬೀಸುತ್ತದೆ.
ಕೋಚಿಂಗಿನ ಹಣ ಮೂರು ಕಂತು ಕಟ್ಟಿಯಾಗಿದೆ,
ಅಪ್ಪ ಓಟಿ ಮಾಡಿ ಕಟ್ಟಿದ್ದು.
ಬಾಯಿ ಬಿಟ್ಟರೆ ಆ ರಾತ್ರಿಗಳೆಲ್ಲ
ಯಾರ ಲೆಕ್ಕಕ್ಕೆ ಬರೆಯುವುದು?

ಆಗ ಕೇಳಿಸಿತು, ಗೊರಕೆ ಇಲ್ಲದ್ದು.
ಯಾವಾಗ ನಿಂತಿತ್ತೋ.
ಅಪ್ಪನ ಕಣ್ಣು ಮುಚ್ಚಿಯೇ ಇತ್ತು,
ರೆಪ್ಪೆ ಮಾತ್ರ
ಮೀಟರಿನ ಮುಳ್ಳಿನ ಹಾಗೆ.

ಸ್ಕೂಟರು ಮನೆಯತ್ತ ತಿರುಗದೆ
ಬೈತಖೋಲದ ಕಡೆ ಹೋಯಿತು.
ಐಸು ತುಂಬುತ್ತಿದ್ದ ಬೋಟುಗಳ ಎದುರು ನಿಲ್ಲಿಸಿ
ಹೆಲ್ಮೆಟ್ಟು ತೆಗೆಯದೆಯೇ ಕೇಳಿದ:
"ಎಷ್ಟು ದಿನದಿಂದ?"
ಎರಡು ವರ್ಷ, ಎಂದೆ.
ಬಾಯಲ್ಲೇ ಏನೋ ಗುಣಿಸಿದ,
ಉತ್ತರ ಹೇಳಲಿಲ್ಲ.

ಮರುದಿನ ಆರೂಕಾಲಕ್ಕೆ ಹೊಟ್ಟೆ ನೋಯಿತು.
ಕಣ್ಣು ಬಿಟ್ಟರೆ ಅಪ್ಪ, ಸ್ಟೂಲು ಎಳೆದುಕೊಂಡು,
ತೊಡೆಯ ಮೇಲೆ ಹಳೇ ಕ್ಯಾಲೆಂಡರಿನ ಬೆನ್ನು,
ಕೈಯಲ್ಲಿ ಶಿಫ್ಟಿನ ಪೆನ್ನು.
"ಈಗ ಎಷ್ಟು? ಹತ್ತರಲ್ಲಿ?"

ಒಂಬತ್ತು, ಎಂದೆ.

ಬರೆದುಕೊಂಡ.