ಹೆಬ್ಬೆರಳಿನಷ್ಟು ಬಟ್ಟಲು

ಶನಿವಾರ ಏಳೂ ಇಪ್ಪತ್ತಕ್ಕೆ ಇಳಿತ ಎಂದು
ಫ್ರಿಜ್ಜಿನ ಬಾಗಿಲ ಚೀಟಿಯಲ್ಲಿ ನಾನೇ ಬರೆದಿದ್ದೆ.
ಸಮುದ್ರ ಯಾರ ಪ್ರಾರ್ಥನೆಗೂ ಕಾಯುವುದಿಲ್ಲ.
ಆದರೂ ನಮ್ಮ ಪಾದ್ರಿ ಉಲುಗಿಯಾ
ಕೆಸರಿನ ಅಂಚಲ್ಲಿ ನಿಂತು ಒಂಬತ್ತು ನಿಮಿಷ ಬೇಡಿಕೊಂಡರು.
ಮಲಾಕಿ ಕಣ್ಣು ತೆರೆದು ಗಡಿಯಾರ ನೋಡಿದ.
ಅವನು ನೋಡಿದ್ದು ನನಗೆ ಕಂಡಿತೆಂದರೆ
ನಾನೂ ಕಣ್ಣು ಮುಚ್ಚಿರಲಿಲ್ಲ.

ಆಕ್ಲೆಂಡಿನ ತೆಂಕಣ ತುದಿಯ ಈ ತೊರೆಗೆ
ಒಂದು ಕಡೆ ಗೋದಾಮುಗಳ ಬೆನ್ನು, ಇನ್ನೊಂದು ಕಡೆ ನಮ್ಮ ಚರ್ಚಿನ ಬೆನ್ನು.
ಮುಖ ತೋರಿಸಿದವರು ಯಾರೂ ಇಲ್ಲ.

ಭಾನುವಾರ ಬಿಳಿ ಟೋಪಿಯಡಿ ಗರಿ ಮುರಿಯದೆ ಕೂರುವ ಹೆಂಗಸರು
ಇವತ್ತು ಗಂಡಂದಿರ ರಬ್ಬರ್ ಬೂಟಿನಲ್ಲಿ.
ಕೆಸರು ಬೂಟನ್ನು ಇಟ್ಟುಕೊಂಡು
ಕಾಲನ್ನಷ್ಟೇ ವಾಪಸು ಕೊಡುತ್ತಿತ್ತು.
ಲೆಪೇಕಾ ಅತ್ತೆ ಒಂಟಿಕಾಲಲ್ಲಿ ಕೊಕ್ಕರೆಯಾಗಿ
ಎತ್ತಿದ ಬೈಗುಳ, ಪಾದ್ರಿ ತಿರುಗಿದ್ದೇ,
ಅರ್ಧಕ್ಕೆ ಸ್ತೋತ್ರವಾಯಿತು.

ಟೈರು. ಚಾಪೆ. ಯಾರದೋ ಹಲ್ಲುಸೆಟ್ಟು
(ನಮ್ಮವರದಲ್ಲ, ವಿಚಾರಿಸಿದೆವು).
ಸೂಪರ್‌ಮಾರ್ಕೆಟ್ಟಿನ ಕೈಗಾಡಿಯನ್ನು ಐದು ಜನ
ಮದುವೆಯ ಹಂದಿ ಎಳೆದ ಹಾಗೆ ಎಳೆಯುತ್ತಿರಲು
ಆಚೆ ದಡದಿಂದ ಮುದುಕ ಹೋರೋಮೋನಾ ಕೂಗಿದ:
'ಇಳಿಸಿ, ಇಳಿಸಿ, ಒಳಗೆ ಆಕೆ ಇದ್ದಾಳೆ!'
ತಂತಿಯ ಜಾಲದಲ್ಲಿ ತೋಳುದಪ್ಪದ ಹಾವುಮೀನು.
ಐವರೂ ತೊಡೆಮಟ್ಟ ನೀರಲ್ಲಿ ನಡುಗುತ್ತ
ಆಕೆ ಮನಸ್ಸು ಮಾಡುವ ತನಕ ನಿಂತರು.
ಪಾದ್ರಿಗಳ ಒಂಬತ್ತು ನಿಮಿಷಕ್ಕೆ ಗೊಣಗಿದವರು
ಇಲ್ಲಿ ಚಕಾರ ಎತ್ತಲಿಲ್ಲ.

ಆಮೇಲೆ ಸೇಫಿನಾ ಬಂದಳು, ಏಳು ವರ್ಷ,
ಮುಷ್ಟಿ ಬಿಡಿಸಿದಳು.
'ಗೊಂಬೆಗಳು ಇದರಲ್ಲಿ ಟೀ ಕುಡೀತವಾ?'

ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಬಟ್ಟಲು.
ನನಗೆ ಗೊತ್ತಾಯಿತು.
ತಿಂಗಳ ಮೊದಲ ಭಾನುವಾರ, ಪ್ರಭುಭೋಜನಕ್ಕೆ,
ಒಂದು ತಟ್ಟೆಗೆ ನಲವತ್ತರಂತೆ ನಾಲ್ಕು ತಟ್ಟೆ
ದ್ರಾಕ್ಷಾರಸ ತುಂಬುವುದು ಈ ಕೈ.
ಆದಮೇಲೆ ಹಿತ್ತಿಲ ಡಬ್ಬಕ್ಕೆ ಸುರಿಯುವುದೂ.
ಅದರ ಮುಚ್ಚಳ ಹೋಗಿ ಎಷ್ಟು ವರ್ಷವಾಯಿತೋ.
ಗಾಳಿ ಇದೆ, ಇಳಿಜಾರಿದೆ; ಉಳಿದದ್ದನ್ನು ಮಳೆ ನೋಡಿಕೊಂಡಿದೆ.

ಬಗ್ಗಿ ಹುಡುಕಿದೆವು. ಕಾಂಡ್ಲಾ ಗಿಡಗಳ ಬುಡದಲ್ಲಿ
ಉಸಿರಿಗೆಂದು ಕೆಸರಿಂದ ಮೇಲೆದ್ದ ಬೇರುಗಳ ನಡುವೆ
ಬಟ್ಟಲ ಮೇಲೆ ಬಟ್ಟಲು.
ಒಂದು ಬೇರಿನ ತುದಿಗೆ ಬೋರಲಾಗಿ
ಬಿಳಿ ಟೋಪಿಯಂತೆ ಕೂತಿತ್ತು.
ಅದನ್ನು ತೆಗೆದವಳು ಲೆಪೇಕಾ ಅತ್ತೆ;
ಮೂಗಿನಿಂದ ಬೆರಳು ತೆಗೆದಷ್ಟು ಮೆಲ್ಲಗೆ.

ಮುನ್ನೂರ ಹನ್ನೆರಡಕ್ಕೆ ಉಬ್ಬರ ಬಂತು.
ಎಣಿಕೆ ಅಲ್ಲಿಗೆ ನಿಂತಿತು, ಮುಗಿಯಲಿಲ್ಲ.

ನಗರಸಭೆಯ ಅರ್ಜಿಯಲ್ಲಿ 'ಕಸದ ಮೂಲ' ಎಂಬ ಕಾಲಮ್ಮು.
'ತಿಳಿಯದು ಅಂತ ಬರಿ,' ಎಂದ ಮಲಾಕಿ, ಕಾರ್ಯದರ್ಶಿ ಅವನು.
ನಾನು ಚರ್ಚಿನ ಹೆಸರು ಬರೆದೆ.
ಪಾದ್ರಿ ಕನ್ನಡಕ ಹಣೆಯಿಂದ ಇಳಿಸಿ ಓದಿದರು,
ಪೆನ್ನು ಕೇಳಿದರು.
ಹೊಡೆದುಹಾಕುತ್ತಾರೆ ಅಂದುಕೊಂಡೆ.
ಬೀದಿಯ ಹೆಸರು, ಮನೆ ನಂಬರು ಸೇರಿಸಿದರು.

ಮುಂದಿನ ತಿಂಗಳು ಸ್ಟೀಲಿನ ಬಟ್ಟಲು, ಎರವಲು.
ತುಟಿಗೆ ತಣ್ಣಗೆ ಹತ್ತಿತು. ಹಿಂದಿನ ಸಾಲಲ್ಲಿ ಯಾರೋ
ನೂರ ಅರವತ್ತು ತೊಳೆಯುವವರಾರು ಎಂದು ಪಿಸುಗುಟ್ಟಿದರು.
ಸೇಫಿನಾ ಕುಡಿದಳು, ತಳ ನೋಡಿದಳು, ತಲೆಕೆಳಗು ಮಾಡಿದಳು.
'ಇದನ್ನೀಗ ಯಾರಿಗೆ ಕೊಡಲಿ?'

ನನಗೆ ಕೊಡು, ಅಂದೆ.