ಕಡಲ ತಳದಲ್ಲಿ ಒಬ್ಬರು ಕಡಿಮೆ

ಬೆಳಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಪೂರ್ತಿ ಇಳಿತ.
ಫಂಡಿ ಕೊಲ್ಲಿ
ಊಟದ ನಡುವೆ ಯಾರೋ ಕರೆದರೆಂದು ಎದ್ದು ಹೋದವರಂತೆ
ಎಲ್ಲ ಬಿಟ್ಟು ಹೋಗಿದೆ:
ಕಂದು ಪಾಚಿ, ಒಡೆದ ಚಿಪ್ಪು, ಲಾಬ್‌ಸ್ಟರ್ ಹಿಡಿವ ಮುರುಕು ಬೋನು,
ಯಾರದೋ ಎಡಗೈಯ ಗವಸು.

ತೊಂಬತ್ತೆಂಟು ಮೆಟ್ಟಿಲು. ಬುಡದಲ್ಲಿ ನಾನು, ಒದೀಲ್ ಗೊಗೆನ್.
ಹಳದಿ ಕೋಟು, ಕೊರಳಲ್ಲಿ ಸೀಟಿ,
ಎರಡು ಕೈಗೆ ಎರಡು ಎಣಿಕೆಯ ಗುಂಡಿ.
ಇಳಿದವರು ಎಡಕ್ಕೆ, ಹತ್ತಿದವರು ಬಲಕ್ಕೆ.
ಮೊದಲು ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು;
ತಲೆ ಎಣಿಸುವುದೊಂದು ಚೆನ್ನಾಗಿ ಬರುತ್ತದೆ.

ಬರುತ್ತಾರೆ.
ಬಿಳಿ ಬೂಟಿನವರಾಗಿ ಬಂದು ಕೆಂಪು ಬೂಟಿನವರಾಗಿ ಹೋಗುತ್ತಾರೆ.
ನಡು ಸವೆದ ಬಂಡೆಗಳ ಕೆಳಗೆ ನಿಂತು
ಅವುಗಳ ನೆತ್ತಿಯ ಮೇಲೆ ಬೆಳೆದ ಮರಗಳನ್ನು
ಕತ್ತು ನೋಯುವಷ್ಟು ನೋಡುತ್ತಾರೆ.
ಒಣಗಿಸಿದ ನೇರಳೆ ಪಾಚಿ ಕೊಟ್ಟರೆ
ಅಗಿದು, ಥೂ ಎಂದು, ಇನ್ನೊಂದು ಚೂರು ಕೇಳುತ್ತಾರೆ.
‘ನೀರು ಎಲ್ಲಿಯವರೆಗೆ ಬರುತ್ತೆ?’
ದಿನಕ್ಕೆ ನಲವತ್ತು ಸಲ.
ಬಂಡೆಯ ಮೇಲಿನ ಕಪ್ಪು ಗೆರೆ ತೋರಿಸುತ್ತೇನೆ, ಏಳಾಳೆತ್ತರ.
ನಗುತ್ತಾರೆ. ಮುದುಕಿಗೆ ಬಾಯಿ ಜಾಸ್ತಿ.

ಹನ್ನೊಂದೂ ನಲವತ್ತಕ್ಕೆ ಸೀಟಿ.
ಹನ್ನೆರಡಕ್ಕೆ ಇನ್ನೊಂದು, ಗಂಟಲು ಕೆರೆಯುವಂಥದು.
ಮಕ್ಕಳು ಅಳುತ್ತಾ, ಅಪ್ಪಂದಿರು ಏದುಸಿರು ಬಿಡುತ್ತಾ,
ಮೂರು ದಿನದ ಹಿಂದೆ ಮದುವೆಯಾದವರು ಕೈ ಬಿಡದೆ
ಇಕ್ಕಟ್ಟು ಮೆಟ್ಟಿಲಲ್ಲಿ ಎಲ್ಲರಿಗೂ ಅಡ್ಡವಾಗುತ್ತಾ
ಮೇಲೆ ಹೋದರು.

ಎಡಗೈ: ನೂರ ಹನ್ನೆರಡು.
ಬಲಗೈ: ನೂರ ಹನ್ನೊಂದು.

ಗುಂಡಿ ಅಲ್ಲಾಡಿಸಿ ನೋಡಿದೆ. ನೂರ ಹನ್ನೊಂದೇ.
ನನ್ನನ್ನು ನಾನು ಎಂದೂ ಎಣಿಸುವುದಿಲ್ಲ.

ಓಡಿದೆ. ಅರವತ್ತಮೂರರ ಮಂಡಿ ಓಡುವಷ್ಟು.
ಮೂರನೆಯ ಬಂಡೆಯ ಆಚೆ, ಬಟಾಬಯಲಲ್ಲಿ
ಮಡಚುವ ಸ್ಟೂಲಿನ ಮೇಲೆ ಕೂತಿದ್ದಾನೆ,
ಟೋಪಿ ತೊಡೆಯ ಮೇಲೆ, ಬಸ್ಸಿಗೆ ಕಾದವನ ಹಾಗೆ.
ಕೊರಳ ಚೀಟಿಯಲ್ಲಿ ಹೆಸರು: ಓರೆಸ್ಟ್ ಹ್ನಾತಿಯುಕ್,
ಸಸ್ಕಾಚೆವನ್‌ನ ಗೋಧಿ ಬಯಲು.

ಬೈದೆ. ಮೊದಲು ಫ್ರೆಂಚಿನಲ್ಲಿ,
ಆಮೇಲೆ ಅವನಿಗೆ ತಿಳಿಯುವ ಹಾಗೆ.

ಎಲ್ಲ ಕೇಳಿಸಿಕೊಂಡು ಹೇಳಿದ:
‘ಎಪ್ಪತ್ತೊಂಬತ್ತು ವರ್ಷ ಕಡಲು ನೋಡಿಲ್ಲ.
ಬಂದರೆ, ಅದೇ ಮನೆಯಲ್ಲಿಲ್ಲ.
ಬರುವಾಗಲಾದರೂ ನೋಡೋಣ ಅಂತ.’

ಬೆರಳು ತೋರಿಸಿದ. ಅಲೆಯಲ್ಲ, ಮೊರೆತವಲ್ಲ.
ಮರಳಿನ ಸುಕ್ಕುಗಳಲ್ಲಿ ನೂಲಿನಷ್ಟು ಹೊಳಪು,
ಪಕ್ಕದ ಸುಕ್ಕಿಗೆ ಇಣುಕಿ, ತಡೆದು, ಸರಿದು,
ಒಂದು ಪಾಚಿಯ ತುದಿಯನ್ನು ಎಬ್ಬಿಸಿ ನಿಲ್ಲಿಸಿತು,
ಆಮೇಲೆ ಅದರ ಪಕ್ಕದ್ದನ್ನು.
ಏನೋ ಕಚ್ಚುತ್ತಾ ಕುಪ್ಪಳಿಸುತ್ತಿದ್ದ ಪುಟ್ಟ ಉಲ್ಲಂಕಿಗಳು
ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟವು.
‘ನಮ್ಮ ಹೊಲಕ್ಕೆ ಗಾಳಿ ಬರುವುದೂ ಹೀಗೇ,’ ಅಂದ,
‘ಮೊದಲು ಒಂದು ತೆನೆ.’

ಆರು ಬೇಸಿಗೆಯಿಂದ ಇಲ್ಲಿ ನಿಂತಿದ್ದೇನೆ,
ಬೆನ್ನು ನೀರಿಗೆ, ಮುಖ ಜನಕ್ಕೆ.
ಬರುವುದನ್ನು ನೋಡಿಯೇ ಇರಲಿಲ್ಲ.
ಬಂದದ್ದನ್ನು ನೋಡಿದ್ದೆ.

ಎರಡು ನಿಮಿಷ ಕೊಟ್ಟೆ. ಲೆಕ್ಕದಲ್ಲಿ ಎಲ್ಲೂ ಬರೆದಿಲ್ಲ.
ಬೂಟಿನೊಳಗೆ ತಣ್ಣಗಾದ ಮೇಲೆ
ರಟ್ಟೆ ಹಿಡಿದು ನಡೆಸಿದೆ; ಅವನೋ ನನ್ನನ್ನು ನಡೆಸಿದನೋ,
ಮೆಟ್ಟಿಲ ಹತ್ತಿರ ಮೊಣಕಾಲುದ್ದ.
ಬಲಗೈಗೆ ಒಂದು ಟಿಕ್.

ಸ್ಟೂಲು ಮರೆತೆವು.

ಮೂರೂವರೆಗೆ ಕೊಲ್ಲಿ ತುಂಬಿ ಕಪ್ಪು ಗೆರೆಗೆ ಸಮ.
ಮರ ಹೊತ್ತ ಬಂಡೆಗಳು ಈಗ ನಡುಗಡ್ಡೆ.
ಕಯಾಕ್ ಬಾಡಿಗೆಯ ಹುಡುಗ ಲಿಯೊನಿದಾಸ್ ಕಿತ್ತಳೆ ದೋಣಿಗಳ ಸಾಲನ್ನು
ಅವುಗಳ ಸಂದಿನಿಂದ ದಾಟಿಸುತ್ತಿದ್ದಾನೆ.
ಹುಟ್ಟಿನಿಂದ ಜಾರಿದ ಹನಿ, ಕಿಲಕಿಲ,
ಬೆಳಗ್ಗೆ ಅತ್ತ ಅದೇ ಮಕ್ಕಳು.
ಅವರ ಕೆಳಗೆಲ್ಲೋ, ಏಳಾಳಿನಾಳದಲ್ಲಿ,
ಯಾರೂ ಕೂರದ ಒಂದು ಆಸನ.

ನಾಳೆ ಇಳಿತ ಹತ್ತೂ ಹತ್ತಕ್ಕೆ.
ಸ್ವಲ್ಪ ಬೇಗ ಹೋಗಬೇಕು.