ಪಡುಕೆರೆಯಲ್ಲಿ ಹೋದ ವರ್ಷದ ನಾನು

ಬೆಳಗ್ಗೆ ಐದಕ್ಕೆ ಗೇಟಿನ ಹೊರಗೆ ಕೈ ಎತ್ತಿ ನಿಲ್ಲುತ್ತೇನೆ.
ವಾಚಿಗೆ ಉಪಗ್ರಹ ಸಿಗಬೇಕು.
ಸಿಗುವವರೆಗೆ ಅಂಚಿನಲ್ಲೊಂದು ಕೆಂಪು ಗೆರೆ,
ಸಿಕ್ಕಿದರೆ ಹಸಿರು, ಮಣಿಕಟ್ಟಿನಲ್ಲಿ ಸಣ್ಣ ನಡುಕ.
ಎದುರು ಮನೆಯ ಗುಲಾಬಿಯಕ್ಕ ಮೊದಲ ವಾರ
ಇನ್ನೂ ಹುಟ್ಟದ ಸೂರ್ಯನಿಗೆ ಇವಳದ್ದೇನು ನಮಸ್ಕಾರ ಎಂದು
ಹಿಡಿಸೂಡಿ ಕೆಳಗಿಟ್ಟು ನೋಡುತ್ತಿದ್ದರು.
ಈಗ ಅವರೇ ಕೇಳುತ್ತಾರೆ:
"ಬಂತಾ ಮಾರಾಯ್ತಿ, ಸಿಗ್ನಲ್ಲು?"

ಹಗಲು ನಾನು ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು.
ಯಾವ ಬೋಟಿಗೆ ಎಷ್ಟು ಗಡ್ಡೆ, ದಾರಿಯಲ್ಲಿ ಎಷ್ಟು ನೀರಾಯಿತು.
ಕರಗಿದ್ದಕ್ಕೂ ಒಂದು ಕಾಲಂ ಉಂಟು ನಮ್ಮಲ್ಲಿ.
ಈ ವಾಚಿನಲ್ಲಿ ಅದಿಲ್ಲ.
ಮಟ್ಟುವಿನಿಂದ ಗುಳ್ಳ ಹೊತ್ತು ಬರುವ ಅಪ್ಪಿಯಕ್ಕನೊಡನೆ
ಸೊಸೆಯ ಮಂಡಿನೋವಿನ ಬಗ್ಗೆ ಎರಡು ಮಾತಾಡಿದರೆ
ತಾನೇ ನಿಂತುಬಿಡುತ್ತದೆ ಗಡಿಯಾರ.
ಮನೆಗೆ ಬಂದು ನೋಡಿದರೆ
ಆ ಎಂಟು ನಿಮಿಷ ನಾನು ಎಲ್ಲೂ ಇರಲಿಲ್ಲ.

ಇಡೀ ದಾರಿಯಲ್ಲಿ ನನ್ನ ಅತಿವೇಗದ ಇನ್ನೂರು ಮೀಟರು
ಬಲೆ ಶೆಡ್ಡಿನಿಂದ ಮೂರನೇ ಲೈಟುಕಂಬದವರೆಗೆ.
ಅದರ ಶ್ರೇಯಸ್ಸು ಒಂದು ಕಂದು ನಾಯಿಗೆ.

ಜಯಕರನಿಗೆ ಇದೆಲ್ಲ ನಗೆ.
ಅವನು ಆಳಸಮುದ್ರ ಬೋಟಿನ ತಾಂಡೇಲ,
ಅವನ ಮೆಷೀನಿನಲ್ಲಿ ನಾನೂರು ಗುರುತು, ನಾನೂರಕ್ಕೂ ಹೆಸರು:
ಅಂಜಲ್ ಸಿಕ್ಕಿದ್ದು. ಬಲೆ ಹರಿದದ್ದು. ಪುನಃ ಬಲೆ ಹರಿದದ್ದು.
ಶೀನ ವಾಂತಿ ಮಾಡಿದ್ದು.
"ನಮ್ಮ ಜಿಪಿಎಸ್ ಹೊಟ್ಟೆಪಾಡಿಗೆ,
ನಿನ್ನದು ಹೊಟ್ಟೆ ಕರಗಿಸಲಿಕ್ಕೆ" ಅನ್ನುತ್ತಾನೆ,
ಗಂಜಿಗೆ ಚಟ್ನಿ ಕಲಸುತ್ತಾ.

ಈ ಮಳೆಗಾಲ ಮುಗಿದ ಮೇಲೆ ಒಂದು ಆಟ ಕಲಿತೆ.
ಹಳೆಯ ಯಾವುದೋ ಓಟವನ್ನು ಆರಿಸಿಕೊಂಡರೆ
ಅಂದಿನ ನಾನು ಒಂದು ಬಾಣದ ಗುರುತಾಗಿ
ಪರದೆಯ ಮೇಲೆ ನನ್ನೊಡನೆ ಓಡುತ್ತದೆ.
ಹೋದ ಮೇ ತಿಂಗಳ ಒಂದು ಶುಕ್ರವಾರವನ್ನು ಆರಿಸಿದೆ.
ಸೇತುವೆ ಇಳಿಯುವಾಗಲೇ ಅವಳು ಒಂಬತ್ತು ಸೆಕೆಂಡು ಮುಂದೆ,
ಮೂವತ್ತೊಂಬತ್ತರವಳು, ಆಗಿನ್ನೂ ಹಿಮ್ಮಡಿ ನೋವಿಲ್ಲದವಳು.
ಎಡಕ್ಕೆ ಹೊಳೆ, ಬಲಕ್ಕೆ ಕಡಲು,
ನಡುವಿನ ಆ ಒಂದು ಪಟ್ಟಿ ನೆಲದಲ್ಲಿ
ಏದುಸಿರು ಬಿಡುತ್ತಾ ಅವಳ ಹಿಂದೆ ನಾನು.

ದೋಣಿ ಶೆಡ್ಡು ಇದ್ದಲ್ಲಿ ರಸ್ತೆ ಈಗ ಒಳಗೆ ತಿರುಗುತ್ತದೆ.
ಆಟಿಯಲ್ಲಿ ಕಡಲು ಮೂರು ರಾತ್ರಿ ತಿಂದದ್ದು:
ಡಾಮರು, ಆರು ತೆಂಗು, ಬೀಫಾತಿಮಾರ ಅಂಗಡಿಯ ಜಗಲಿ.
ಲಾರಿಗಳು ಬಂದು ಸುರಿದ ಕಲ್ಲುಗಳ ಬದಿಯಿಂದ
ಗೋಣಿ ಹಾಸಿದ ಕಾಲುದಾರಿಯಲ್ಲಿ ನಾನು ತಿರುಗಿದೆ.
ಅವಳು ತಿರುಗಲಿಲ್ಲ.

ನಿಂತು ನೋಡಿದೆ.
ಬಾಣ ನೆಟ್ಟಗೆ ಹೋಗುತ್ತಿತ್ತು ನೀಲಿಯ ಮೇಲೆ,
ಕಿಲೋಮೀಟರಿಗೆ ಆರು ನಿಮಿಷ ಹನ್ನೆರಡು ಸೆಕೆಂಡಿನಂತೆ,
ಅವಸರವೂ ಇಲ್ಲದೆ, ಸುಸ್ತೂ ಇಲ್ಲದೆ.
ಕತ್ತೆತ್ತಿದರೆ ಅಲ್ಲಿ ನೊರೆ,
ಒಂದು ತೆಂಗಿನ ಬುಡ, ಬೇರೆಲ್ಲ ಮೇಲಾಗಿ.
ವಾಚು ಕಂಪಿಸಿತು: ದಾರಿ ತಪ್ಪಿದ್ದೀರಿ.
ನಾನಾ?

ಜಯಕರನಿಗೆ ಹೇಳಿದೆ. ಈ ಸಲ ನಗಲಿಲ್ಲ.
"ನಂಬರು ಬರೆದುಕೊಡು" ಎಂದ ಅಷ್ಟೇ.
ಭಾನುವಾರ ಭಾವನ ನಾಡದೋಣಿಯಲ್ಲಿ ಹೋಗಿ
ಜಲ್ಲೆ ಇಳಿಸಿ ನೋಡಿ ಬಂದ.
"ಒಂದು ಮಾರು ಚಿಲ್ಲರೆ ನೀರು. ಕೆಳಗೆ ಗಟ್ಟಿ ತಾಗುತ್ತದೆ,
ಡಾಮರಿರಬೇಕು."
ಅಂಗಿ ಹಿಂಡುತ್ತಾ ಮತ್ತೂ ಹೇಳಿದ:
"ಮೆಷೀನಿಗೆ ಹಾಕಿದ್ದೇನೆ. ಹೆಸರು ಕೇಳಬೇಡ."
ನಾನು ಕೇಳಲಿಲ್ಲ.
ಶೀನ ಹೇಳಿಯಾನು, ಇವತ್ತಲ್ಲ ನಾಳೆ.

ದಿನಾ ಓಡುತ್ತೇನೆ ಅವಳೊಡನೆ, ಹಟಕ್ಕೆ.
ನಾಯಿಯ ಜಾಗದಲ್ಲಿ ಕೆಲವೊಮ್ಮೆ ನಾನೇ ಮುಂದೆ.
ಆದರೂ ಮಟ್ಟು ಮುಟ್ಟುವಷ್ಟರಲ್ಲಿ
ನಾಲ್ಕು ನಿಮಿಷ ಮೊದಲೇ ತಲುಪಿರುತ್ತಾಳೆ ಅವಳು.
ನೀರ ಮೇಲೆ ಹೋಗುವವಳಿಗೆ ಸುತ್ತು ಎಲ್ಲಿಯದು.